ಶಾಲು ಹೊದಿಸಿದರೆ ಸವಲತ್ತು ಕೊಟ್ಟಂತಾಯಿತೆ?

ಭದ್ರಾವತಿಯ ಕಾರ್ಖಾನೆಗಳ ಕಥೆಯನ್ನು ಅಡಿಕೆ, ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಯಾಕೆ ಹೇಳಬೇಕೆಂದು ಸದಸ್ಯ ಬಾಂಧವರಲ್ಲಿ ಕೆಲವರಾದರೂ ಕೇಳಬಹುದು. ಕೇಳುವವರು ತಮ್ಮ ಮನೆಯ ಹಳೆಯ ಪಡಿತರ ಚೀಟಿಯನ್ನೊಮ್ಮೆ ತೆಗೆದು ನೋಡಲಿ. ಶಿವಮೊಗ್ಗ, ಭದ್ರಾವತಿ, ತರೀಕೆರೆ, ಚನ್ನಗಿರಿ ಸುತ್ತಿನ ಎಷ್ಟು ಮನೆಗಳಲ್ಲಿ ಒಬ್ಬ ಮಗ ತೋಟದಲ್ಲಿ, ಇನ್ನೊಬ್ಬ ಮಗ ಕಾರ್ಖಾನೆಯಲ್ಲಿ ಎಂಬ ಏರ್ಪಾಡು ಇರಲಿಲ್ಲ? ಎರಡೆಕರೆ ತೋಟಕ್ಕೆ ಕೊಳೆರೋಗ ಬಂದು ಫಸಲು ನೆಲಕ್ಕುರುಳಿದ ವರ್ಷ ಮನೆಯ ಒಲೆ ಉರಿದದ್ದು ಕಾರ್ಖಾನೆಯ ಸಂಬಳದಿಂದ. ಬಾವಿ ತೋಡಿಸಿದ್ದು, ಪಂಪ್‌ಸೆಟ್ ಕೂಡಿಸಿದ್ದು, ಮಗಳ ಮದುವೆ ಮಾಡಿದ್ದು ಭವಿಷ್ಯನಿಧಿಯ ಸಾಲದಿಂದ. ಆದುದರಿಂದ ಭದ್ರಾವತಿಯ ಕಾರ್ಮಿಕನ ಅಸಮಾಧಾನ ನಮಗೆ ಪರರ ಮನೆಯ ಸುದ್ದಿಯಲ್ಲ.

ಬೆಂಕಿಪುರವೆಂದು ಹಿಂದೆ ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರ ಜನವರಿಯಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು, ಈ ಮೂರನ್ನು ನಂಬಿ ಕುಲುಮೆ ಹೊತ್ತಿತು. ದಿವಾನಗಿರಿ ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ, ನಷ್ಟದಲ್ಲಿ ಮುಳುಗುತ್ತಿದ್ದ ಕಾರ್ಖಾನೆಯನ್ನು ದಡಕ್ಕೆ ತಂದರು. ಆಮೇಲೆ ಉಕ್ಕು ಬಂತು, ಸಿಮೆಂಟು ಬಂತು. 1962ರಲ್ಲಿ ಕಾರ್ಖಾನೆ ಸರ್ಕಾರಿ ಕಂಪನಿಯಾಯಿತು, ಎಪ್ಪತ್ತರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು, 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರವಾದ ಸೈಲ್‌ನ ಅಂಗಸಂಸ್ಥೆಯಾಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ನಮ್ಮ ಜನ ಇಂದಿಗೂ ಇದನ್ನೆಲ್ಲ ಒಂದೇ ಮಾತಿನಲ್ಲಿ ಐರನ್ ಪ್ಯಾಕ್ಟ್ರಿ ಎನ್ನುತ್ತಾರೆ. ಅಷ್ಟೇ ಸಾಕು.

ಅದರ ಪಕ್ಕದಲ್ಲೇ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. 1977ರಲ್ಲಿ ಅದು ಸರ್ಕಾರಿ ಕಂಪನಿಯಾಗಿ, ಎಂಬತ್ತರ ದಶಕದ ಆದಿಯಲ್ಲಿ ಪತ್ರಿಕೆಗಳಿಗೆ ಬೇಕಾದ ಸುದ್ದಿಕಾಗದ ತಯಾರಿಸತೊಡಗಿತು. ಸಕ್ಕರೆ ವಿಭಾಗವೂ ಸೇರಿಕೊಂಡಿತು. ಭದ್ರಾ ನಾಲೆಯ ಬಯಲಿನಲ್ಲಿ ಕಬ್ಬು ಹಾಕಿದ್ದವರಿಗೆ ಅದೇ ಆಧಾರ. ಆ ಗದ್ದೆಗಳಲ್ಲಿ ಎಷ್ಟೋ ಇಂದು ಅಡಿಕೆ ತೋಟಗಳಾಗಿವೆ. ಇದಕ್ಕೆ ಅಡಿಕೆಯ ಧಾರಣೆ ಮಾತ್ರ ಕಾರಣವೆಂದು ಹೇಳುವವರು ಕಬ್ಬು ಅರೆಯುವ ಗಾಣ ನಿಂತುಹೋದುದನ್ನು ಮರೆತಿರುತ್ತಾರೆ.

ಇನ್ನು ವಿಷಯಕ್ಕೆ ಬರೋಣ.

ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಆಮೇಲೆ ಸ್ವಯಂ ನಿವೃತ್ತಿ ಯೋಜನೆ. ಸ್ವಯಂ ಎಂಬ ಆ ಮಾತನ್ನು ಯಾರು ಕಂಡುಹಿಡಿದರೋ ತಿಳಿಯದು. ಯಂತ್ರ ನಿಂತು, ಸಂಬಳ ತಡವಾಗಿ, ಮುಂದೇನೆಂದು ಯಾರೂ ಹೇಳದಿರುವಾಗ ಕಾಗದಕ್ಕೆ ಸಹಿ ಹಾಕುವವನು ಸ್ವಂತ ಇಚ್ಛೆಯಿಂದ ಹಾಕಿದನೆಂದು ದಾಖಲೆ ಹೇಳುತ್ತದೆ. ವಿಚಿತ್ರವೆಂದರೆ ಆ ಕಾರ್ಖಾನೆಗೆಂದು ಬೆಳೆಸಿದ್ದ ಅಕೇಶಿಯಾ, ನೀಲಗಿರಿ ನೆಡುತೋಪುಗಳ ಗುತ್ತಿಗೆ 2020ರಲ್ಲಿ ಮುಗಿದಾಗ ಅದನ್ನು ಮತ್ತೆ 40 ವರ್ಷಕ್ಕೆ ಮುಂದುವರಿಸಲಾಯಿತು. ನಮ್ಮ ತೋಟಗಳ ತಲೆಯ ಮೇಲಿನ ಗುಡ್ಡಗಳಲ್ಲಿ ಆ ಮರಗಳು ಬೇಡವೆಂದು ಮಲೆನಾಡಿನಲ್ಲಿ ದೊಡ್ಡ ವಿರೋಧವೇ ಎದ್ದಿತು, ಸದಸ್ಯರಲ್ಲಿ ಹಲವರು ಅದರಲ್ಲಿ ಪಾಲುಗೊಂಡವರೇ. ಮರಕ್ಕೆ 40 ವರ್ಷದ ಭರವಸೆ ಸಿಕ್ಕಿತು, ಮರದಿಂದ ಕಾಗದ ಮಾಡುತ್ತಿದ್ದ ಕೈಗಳಿಗೆ ನಾಲ್ಕು ತಿಂಗಳ ಭರವಸೆಯೂ ಸಿಗಲಿಲ್ಲ.

ಕಬ್ಬಿಣದ ಕಾರ್ಖಾನೆಯ ಸಂಗತಿ ಇನ್ನೂ ದೀರ್ಘವಾದುದು. ಸ್ವಂತ ಅದಿರಿನ ಗಣಿ ಇಲ್ಲದ ಕಾರ್ಖಾನೆ ಪೇಟೆಯ ದರಕ್ಕೆ ಅದಿರು ಕೊಂಡು ದೊಡ್ಡ ಉಕ್ಕಿನ ಕಾರ್ಖಾನೆಗಳೊಡನೆ ಪೈಪೋಟಿ ಮಾಡುವುದು ಕಷ್ಟ. ಸ್ವಂತ ಗೊಬ್ಬರದ ಗುಂಡಿ, ಸ್ವಂತ ಸೊಪ್ಪಿನ ಬೆಟ್ಟ ಇಲ್ಲದ ತೋಟದಂತೆ ಎಂದರೆ ನಮ್ಮವರಿಗೆ ಬೇಗ ಅರ್ಥವಾದೀತು. 2016ರಲ್ಲಿ ಅದನ್ನು ಮಾರಲು ಕೇಂದ್ರ ಸರ್ಕಾರ ತಾತ್ವಿಕ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಆಸಕ್ತರನ್ನು ಕರೆಯಿತು. ಮಾರಾಟ ಆಗಲಿಲ್ಲ. ಕೊನೆಗೆ 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ಕುಲುಮೆಗೆ ನೂರು ವರ್ಷ ತುಂಬಿದ ತಿಂಗಳಿಗೇ ಸರಿಯಾಗಿ!

ನೂರು ವರ್ಷ ತುಂಬಿದ ಮನೆಯಲ್ಲಿ ಹಬ್ಬವಾಗಬೇಕು. ಅದೇ ತಿಂಗಳು ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಮುಂದೆ ಧರಣಿ ಕುಳಿತರು, ತಿಂಗಳುಗಟ್ಟಲೆ ಎದ್ದಿರಲಿಲ್ಲ. ಅವರ ಸಂಖ್ಯೆ ಸುಮಾರು 1300. ಕಾಯಂ ನೌಕರರು ಆ ಹೊತ್ತಿಗೆ ಕೆಲವು ನೂರಕ್ಕೆ ಇಳಿದಿದ್ದರು. ಒಂದು ಕಾಲಕ್ಕೆ ಹತ್ತು ಸಾವಿರಕ್ಕೂ ಮೀರಿ ಜನ ದುಡಿದ ಸ್ಥಳವದು. ಆ ಫೆಬ್ರವರಿಯ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ಹೊಸ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಇಪ್ಪತ್ತು ಕಿಲೋಮೀಟರೂ ದೂರವಿಲ್ಲದ ಎರಡು ಊರು, ಒಂದೇ ತಿಂಗಳು, ಒಂದು ಕಡೆ ಬಂಟಿಂಗು, ಇನ್ನೊಂದು ಕಡೆ ಶಾಮಿಯಾನದ ಕೆಳಗೆ ಧರಣಿ. ಆಗಸ್ಟ್‌ನಲ್ಲಿ ರೋಲಿಂಗ್ ಮಿಲ್ ಮತ್ತೆ ತಿರುಗಿತು. ಊರಿನಲ್ಲಿ ಶತಮಾನೋತ್ಸವವನ್ನೂ ಆಚರಿಸಿದರು. 2024ರಲ್ಲಿ ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿಯವರು ಬಂದು ನೋಡಿಹೋದರು, ಪುನಶ್ಚೇತನದ ಮಾತು ಮತ್ತೆ ಕೇಳಿಬಂತು. ಆದರೆ ಮಾತು ಕೇಳಿ ಕೇಳಿ ಭದ್ರಾವತಿಯವರ ಕಿವಿ ಪಳಗಿದೆ.

ಇಷ್ಟಾಗಿಯೂ ಕಾರ್ಮಿಕರ ಮನಸ್ಸಿನ ಕಹಿಗೆ ಕಾರ್ಖಾನೆ ನಿಂತದ್ದೊಂದೇ ಕಾರಣವಲ್ಲ. ಕಾರ್ಖಾನೆ ನಡೆಯುತ್ತಿದ್ದಾಗಲೇ ಸವಲತ್ತುಗಳು ಒಂದೊಂದಾಗಿ ಉದುರಿದ ಬಗೆಯಿದೆಯಲ್ಲ, ಅದು. ತೋಟದಲ್ಲಿ ಹಿಂಗಾರ ಒಣಗುವುದನ್ನು ಕಂಡವರಿಗೆ ಇದು ಗೊತ್ತು. ಗಾಳಿಗೆ ಮರ ಬಿದ್ದರೆ ಸದ್ದಾಗುತ್ತದೆ, ಹರಳು ಉದುರುವುದಕ್ಕೆ ಸದ್ದಿಲ್ಲ. ಸೈಲ್ ನೌಕರರ ವೇತನ ಪರಿಷ್ಕರಣೆ 2017ರ ಜನವರಿಯಿಂದ ಆಗಬೇಕಿತ್ತು. ಒಪ್ಪಂದವಾದದ್ದು 2021ರ ಅಕ್ಟೋಬರಿನಲ್ಲಿ. ನಡುವಿನ 39 ತಿಂಗಳ ಬಾಕಿಯ ಪ್ರಶ್ನೆ ಜಗಳವಾಗಿಯೇ ಉಳಿಯಿತು. ಗುತ್ತಿಗೆಯವನಿಗೋ ಬಾಕಿಯ ಜಗಳವಾಡುವ ಭಾಗ್ಯವೂ ಇಲ್ಲ. ತಿಂಗಳ ಪೂರ್ತಿ ಕೆಲಸ ಸಿಕ್ಕರೆ ಸಾಕೆಂಬುದೇ ಅವನ ಬೇಡಿಕೆ.

ನಿವೃತ್ತರ ಪಿಂಚಣಿಯ ಲೆಕ್ಕ ಇನ್ನೂ ಕೌತುಕ. ನಮ್ಮ ಸದಸ್ಯರು ಲೆಕ್ಕದಲ್ಲಿ ಗಟ್ಟಿಗರಾದ್ದರಿಂದ ಇಲ್ಲೇ ಬಿಡಿಸಿ ನೋಡೋಣ. 1995ರ ನವೆಂಬರಿನಲ್ಲಿ ಭವಿಷ್ಯನಿಧಿಗೆ ಸೇರಿದಂತೆ ಪಿಂಚಣಿ ಯೋಜನೆ ಬಂತು. ಮಾಲೀಕರ ವಂತಿಗೆಯಲ್ಲಿ ಸಂಬಳದ ನೂರಕ್ಕೆ 8.33ರಷ್ಟು ಅದಕ್ಕೆ ಹೋಗುತ್ತದೆ. ಆದರೆ ಸಂಬಳಕ್ಕೊಂದು ಮಿತಿ. 2001ರಿಂದ 2014ರವರೆಗೆ ಆ ಮಿತಿ 6500 ರೂ., ಆಮೇಲೆ 15,000 ರೂ. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ. 2010ರ ಕೊನೆಗೆ ನಿವೃತ್ತನಾದವನಿಗೆ ಯೋಜನೆಯ ಸೇವೆ 15 ವರ್ಷ. 6500 ಗುಣಿಸು 15, ಭಾಗಿಸು 70, ಎಂದರೆ ಸುಮಾರು 1393 ರೂ. ಅವನು ಕೊನೆಯ ತಿಂಗಳು ಎಷ್ಟೇ ಸಂಬಳ ತೆಗೆದುಕೊಂಡಿರಲಿ, ಮಿತಿ ದಾಟಿ ವಂತಿಗೆ ಕಟ್ಟಿರದಿದ್ದರೆ ಲೆಕ್ಕ ಇದೇ. 1995ರ ಹಿಂದೆ ದುಡಿದುದಕ್ಕೆಂದು ಮೇಲೆ ಕೆಲವು ನೂರು ಸೇರಬಹುದು. ಕನಿಷ್ಠ ಪಿಂಚಣಿ ತಿಂಗಳಿಗೆ 1000 ರೂ. ಎಂದು ನಿಗದಿಯಾದದ್ದೇ 2014ರಲ್ಲಿ. ಎಂದರೆ ಅದಕ್ಕೂ ಕಡಿಮೆ ಪಡೆಯುತ್ತಿದ್ದವರು ಇದ್ದರೆಂದಾಯಿತು. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಪೂರ್ಣ ಸಂಬಳದ ಮೇಲಿನ ಹೆಚ್ಚಿನ ಪಿಂಚಣಿಗೆ ಒಂದು ದಾರಿ ತೆರೆಯಿತು. ಆದರೆ 2014ರ ಸೆಪ್ಟೆಂಬರಿಗೆ ಮೊದಲೇ, ಆಯ್ಕೆಪತ್ರ ಕೊಡದೆ ನಿವೃತ್ತರಾದವರಿಗೆ ಆ ದಾರಿ ಮುಚ್ಚಿಯೇ ಇತ್ತು. ಅಂಥ ಒಂದು ಪತ್ರ ಕೊಡಬೇಕಿತ್ತೆಂದು ಕುಲುಮೆಯ ಮುಂದೆ ಬೆವರು ಸುರಿಸುವವನಿಗೆ ತಾನಾಗಿ ಹೊಳೆಯಬೇಕಿತ್ತೆ?

ಈ 1393 ರೂಪಾಯಿಯ ಪಕ್ಕದಲ್ಲಿ ಬೀಳ್ಕೊಡುಗೆ ಸಮಾರಂಭವನ್ನು ಇಟ್ಟು ನೋಡಿ. ಅದು ಹೇಗಿರುತ್ತದೆಂದು ನಮಗೆಲ್ಲ ಬಲ್ಲ ಸಂಗತಿ. ಪ್ರಾರ್ಥನೆ, ಸ್ವಾಗತ, ಏಲಕ್ಕಿ ಹಾರ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಕಾರ್ಮಿಕನೇ ಸಂಸ್ಥೆಯ ಬೆನ್ನೆಲುಬು ಎಂಬ ಭಾಷಣ. ಒಂದು ಗೋಡೆ ಗಡಿಯಾರ ಅಥವಾ ಕೈಗಡಿಯಾರ. ನಮ್ಮ ಕಾಲದಲ್ಲಿ ಅದು ಎಚ್‌ಎಂಟಿ ಗಡಿಯಾರವೇ ಆಗಿರುತ್ತಿತ್ತು. ಬೆಂಗಳೂರು, ತುಮಕೂರುಗಳಲ್ಲಿ ಆ ಗಡಿಯಾರ ಜೋಡಿಸಿದವರ ಗತಿಯೂ ಬೇರೆಯಾಗಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. 1961ರಲ್ಲಿ ಆರಂಭವಾದ ಆ ಗಡಿಯಾರದ ಉದ್ಯಮವನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತು. ಇದ್ದ ನೌಕರರಿಗೆ ಕೊಟ್ಟ ಸ್ವಯಂ ನಿವೃತ್ತಿಯ ಹಣವನ್ನು 2007ರ ವೇತನ ಶ್ರೇಣಿಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಿದರು. ಇಡೀ ದೇಶಕ್ಕೆ ಸಮಯ ತೋರಿಸಿದವರ ಸಂಬಳದ ಗಡಿಯಾರ ಒಂಬತ್ತು ವರ್ಷ ಹಿಂದೆ ಓಡುತ್ತಿತ್ತು.

ಸನ್ಮಾನವೇ ಬೇಡವೆಂದು ಯಾರೂ ಹೇಳುವುದಿಲ್ಲ. ಮೂವತ್ತು ವರ್ಷ ದುಡಿದವನಿಗೆ ನಾಲ್ಕು ಜನರ ಮುಂದೆ ಒಳ್ಳೆಯ ಮಾತು ಕೇಳುವ ಆಸೆ ಸಹಜ. ಆ ಶಾಲನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟು ಮೊಮ್ಮಕ್ಕಳಿಗೆ ತೋರಿಸುವವರನ್ನು ಕಂಡಿದ್ದೇವೆ. ಕೊಡಬೇಕಾದುದನ್ನು ಕೊಟ್ಟು ಮೇಲೊಂದು ಹಾರ ಹಾಕಿದರೆ ಅದು ಗೌರವ. ಕೊಡಬೇಕಾದುದರ ಬದಲಿಗೆ ಹಾರ ಹಾಕಿದರೆ, ಹಾಕಿಸಿಕೊಂಡವನಿಗೆ ಆ ವ್ಯತ್ಯಾಸ ಅಲ್ಲೇ ತಿಳಿಯುತ್ತದೆ. ಹಾಕಿದವನಿಗೆ ಮಾತ್ರ ತಿಳಿಯುವುದಿಲ್ಲ. ಪ್ರತಿ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಪ್ರತಿಮೆಗೆ ಎಲ್ಲರೂ ಮಾಲೆ ಹಾಕುತ್ತೇವೆ. ಭದ್ರಾವತಿಯಿಂದ ತಮಗೆ ಬರಬೇಕಿದ್ದ ಸಂಬಳವನ್ನು ಅವರು ಮುಟ್ಟದೆ, ಹುಡುಗರಿಗೆ ಕಸುಬು ಕಲಿಸುವ ಶಾಲೆಗೆಂದು ಬಿಟ್ಟುಕೊಟ್ಟರೆಂಬ ಮಾತು ಆ ದಿನ ಎಲ್ಲ ಭಾಷಣಗಳಲ್ಲೂ ಬರುತ್ತದೆ. ಅಂದರೆ ದೊಡ್ಡವರ ತ್ಯಾಗವನ್ನು ಸಣ್ಣವರ ಸಂಬಳಕ್ಕೆ ಅಳತೆಗೋಲು ಮಾಡುವುದೆ? ಅವರು ತಮ್ಮ ಸಂಬಳ ಬಿಟ್ಟರೇ ವಿನಾ ಕೂಲಿಯವನ ಸಂಬಳ ಬಿಡಿಸಲಿಲ್ಲ.

ಇಷ್ಟನ್ನು ಓದಿ ಸರ್ಕಾರಗಳನ್ನೂ ಕಂಪನಿಗಳನ್ನೂ ನಾಲ್ಕು ಮಾತು ಬೈದು ಪತ್ರಿಕೆ ಮಡಿಸಿಡುವುದು ಸುಲಭ. ಆದರೆ ಕಣದಲ್ಲಿ ನಾವೇ ಮಾಲೀಕರು. ನಮ್ಮ ಕೈ ಕೆಳಗೆ ದುಡಿಯುವವರು ಏನೆನ್ನುತ್ತಾರೆ?

ಕೆಲವು ವರ್ಷಗಳ ಹಿಂದೆ ಪರಿಚಯಸ್ಥರ ಜೊತೆ ಒಂದು ದೊಡ್ಡ ಕಾಫಿ ಎಸ್ಟೇಟಿಗೆ ಹೋಗಿದ್ದೆ, ಹೆಸರು ಬೇಡ. ಅಂದು ಅಲ್ಲಿ ಹಳೆಯ ಮೇಸ್ತ್ರಿಯೊಬ್ಬರಿಗೆ ಸನ್ಮಾನ. ಒಳ್ಳೆಯ ಊಟ, ಒಳ್ಳೆಯ ಮಾತು. ಊಟವಾದ ಮೇಲೆ ಕೈ ತೊಳೆಯುವಲ್ಲಿ ಅವರನ್ನು ಮಾತಾಡಿಸಿದೆ. ಶಾಲನ್ನು ತೋಳಿನ ಮೇಲೆ ಹಾಕಿಕೊಂಡಿದ್ದರು. ಲೈನ್ ಮನೆಯನ್ನು ಯಾವಾಗ ಬಿಡಬೇಕೆಂದು ಇನ್ನೂ ಹೇಳಿಲ್ಲ ಸ್ವಾಮಿ, ಅದೊಂದು ಕೇಳಿ ಹೇಳ್ತೀರಾ ಎಂದರು. ಇಡೀ ಸಮಾರಂಭದಲ್ಲಿ ಅವರಿಗೆ ಬೇಕಿದ್ದ ಮಾತು ಅದೊಂದೇ. ವೇದಿಕೆಯ ಮೇಲೆ ಏಳು ಜನ ಮಾತಾಡಿದ್ದರು.

ಹಿಂದೆ ತೋಟದ ಆಳಿಗೆ ಕೂಲಿ ಕಡಿಮೆಯಿತ್ತು, ಅದನ್ನು ಮುಚ್ಚಿಡುವುದು ಬೇಡ. ಅನ್ಯಾಯವೂ ಬೇಕಾದಷ್ಟಿತ್ತು. ಆದರೆ ಕೂಲಿಯ ಜೊತೆಗೆ ಅಕ್ಕಿ, ಸೌದೆ, ಮಳೆಗಾಲಕ್ಕೆ ಕಂಬಳಿ, ಹಬ್ಬಕ್ಕೆ ಬಟ್ಟೆ, ಕಾಯಿಲೆಗೆ ಔಷಧಿ, ಇವೂ ಇದ್ದವು. ಕೂಲಿ ಏರಿದಂತೆ ಇವೆಲ್ಲ ಒಂದೊಂದಾಗಿ ನಿಂತವು. ಏರಿದ ಕೂಲಿಯೇ ಎಲ್ಲಕ್ಕೂ ಉತ್ತರವೆಂದು ನಾವು ಅಂದುಕೊಂಡೆವು. ಕೆಲಸವಿದ್ದ ದಿನಕ್ಕೆ ಅದು ಉತ್ತರವೇ. ಮರದಿಂದ ಜಾರಿ ಸೊಂಟ ಮುರಿದ ದಿನಕ್ಕೆ? ಆಷಾಢದ ಮಳೆಯಲ್ಲಿ ಪಾಚಿ ಹಿಡಿದ ಮರ ಹತ್ತಿ ಬೋರ್ಡೋ ದ್ರಾವಣ ಹೊಡೆಯುವ ಕೊನೆಗಾರನ ಮೈಮೇಲೆ ನಮ್ಮ ಇಡೀ ವರ್ಷದ ಫಸಲು ನಿಂತಿದೆ. ಅವನಿಗೆ ದೀಪಾವಳಿಗೊಂದು ಸಿಹಿ ಡಬ್ಬ ಕೊಟ್ಟು ಬೆನ್ನು ತಟ್ಟುತ್ತೇವೆ. ಕೊನೆಗಾರರು ಸಿಗುವುದಿಲ್ಲ, ಮಕ್ಕಳನ್ನು ಈ ಕೆಲಸಕ್ಕೆ ಕಳಿಸುವುದಿಲ್ಲ ಎಂಬ ದೂರು ನಮ್ಮ ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಯಾವ ತಂದೆ ಕಳಿಸಿಯಾನು ಎಂದು ಯಾರೂ ಕೇಳುವುದಿಲ್ಲ.

ಕಾನೂನಿನ ಮಾತನ್ನೂ ಸ್ವಲ್ಪ ಹೇಳುವುದು ಅಗತ್ಯ. 1951ರ ತೋಟ ಕಾರ್ಮಿಕರ ಕಾನೂನು ಕಾಫಿ, ಟೀ, ರಬ್ಬರ್, ಏಲಕ್ಕಿ ಮೊದಲಾದ ತೋಟಗಳಿಗೆ ಮನೆ, ಆಸ್ಪತ್ರೆ, ಶಿಶುವಿಹಾರಗಳ ಕಟ್ಟಳೆ ಮಾಡಿತ್ತು. 2025ರ ನವೆಂಬರ್ 21ರಿಂದ ಅದೂ ಇತರ ಕಾರ್ಮಿಕ ಕಾನೂನುಗಳೂ ನಾಲ್ಕು ಸಂಹಿತೆಗಳೊಳಗೆ ಸೇರಿಹೋದವು. ಹಿಂದಿನಂತೆ ಈಗಲೂ ತೋಟವೆಂದರೆ 5 ಹೆಕ್ಟೇರು ಅಥವಾ ಅದಕ್ಕೂ ದೊಡ್ಡದು, ಅಂದರೆ ಹನ್ನೆರಡೂವರೆ ಎಕರೆಗೆ ತುಸು ಕಡಿಮೆ. ನಮ್ಮ ಸದಸ್ಯರಲ್ಲಿ ಬಹುಪಾಲಿನವರ ಹಿಡುವಳಿ ಈ ಗೆರೆಯ ಈಚೆಗೇ ಇದೆ. ಆದುದರಿಂದ ಕಾನೂನು ನಮ್ಮನ್ನು ಹಿಡಿಯುವುದಿಲ್ಲವೆಂದು ನಿಟ್ಟುಸಿರು ಬಿಡುವವರಿದ್ದಾರೆ. ನಿಜ, ಹಿಡಿಯುವುದಿಲ್ಲ. ಕಾನೂನು ಹಿಡಿಯದಿದ್ದ ಕಡೆಯೇ ದುಡಿಯುವವನು ಮಾಲೀಕನ ಮನಸ್ಸನ್ನು ಓದುತ್ತಾನೆ, ಮತ್ತು ಮುಂದಿನ ಕೊಯ್ಲಿಗೆ ಯಾರ ತೋಟಕ್ಕೆ ಮೊದಲು ಹೋಗಬೇಕೆಂದು ಆಗಲೇ ತೀರ್ಮಾನಿಸುತ್ತಾನೆ.

ಗೆರೆಯ ಆಚೆಗಿರುವ ಸದಸ್ಯರು ಉಪದಾನ ಅಥವಾ ಗ್ರಾಚ್ಯುಯಿಟಿಯ ಲೆಕ್ಕವನ್ನು ಗಮನದಲ್ಲಿಡಬೇಕು. 1972ರ ಕಾನೂನು ಮಾಡಿದ ನಿಯಮವೇ ಹೊಸ ಸಂಹಿತೆಯಲ್ಲೂ ಮುಂದುವರಿದಿದೆ. ಐದು ವರ್ಷ ಸತತ ದುಡಿದವನಿಗೆ, ದುಡಿದ ಪ್ರತಿ ವರ್ಷಕ್ಕೆ 15 ದಿನದ ಕೂಲಿ. ಲೆಕ್ಕಕ್ಕೆಂದು ದಿನಗೂಲಿ 500 ರೂ. ಹಿಡಿಯಿರಿ. ವರ್ಷಕ್ಕೆ 7500 ರೂ. ಇಪ್ಪತ್ತು ವರ್ಷಕ್ಕೆ ಒಂದೂವರೆ ಲಕ್ಷ. ಇದನ್ನು ಕೊನೆಯ ದಿನ ಒಮ್ಮೆಗೇ ಹೊಂದಿಸಲು ಹೋದವನಿಗೆ ಅದು ಬೆಟ್ಟ. ಪ್ರತಿ ಕೊಯ್ಲಿನಲ್ಲೂ ಒಂದಿಷ್ಟು ಬೇರೆ ಖಾತೆಗೆ ಹಾಕುತ್ತಾ ಬಂದವನಿಗೆ ಅದು ಗೊಬ್ಬರದ ಖರ್ಚಿನಂತೆ ಇನ್ನೊಂದು ಖರ್ಚು. ಬೀಳ್ಕೊಡುಗೆಯ ಶಾಲಿಗೆ ಎಷ್ಟೆಂದು ಎಲ್ಲರಿಗೂ ಗೊತ್ತು. ಹತ್ತು ಜನಕ್ಕೆ ಕಡಿಮೆಯಿಲ್ಲದೆ ನೌಕರರಿರುವ ಸಹಕಾರ ಸಂಘಗಳಿಗೂ ಈ ಉಪದಾನದ ನಿಯಮ ಅನ್ವಯಿಸುತ್ತದೆ. ಮಹಾಸಭೆಯಲ್ಲಿ ಲಾಭ ಹಂಚಿಕೆಯ ಪುಟ ಓದುವಾಗ ಗುಮಾಸ್ತ, ತೂಕದವನು, ಕಾವಲುಗಾರ ಇವರ ಉಪದಾನ ನಿಧಿಗೆ ಎಷ್ಟು ತೆಗೆದಿರಿಸಿದೆಯೆಂದು ಒಬ್ಬ ಸದಸ್ಯರಾದರೂ ಕೇಳಲಿ. ಅವರಿಗೆ ಅದೇ ಸಭೆಯಲ್ಲಿ ನೆನಪಿನ ಕಾಣಿಕೆ ಕೊಡುವ ಕಾರ್ಯಕ್ರಮ ಇದ್ದರೆ ಆ ಪ್ರಶ್ನೆಯನ್ನು ಕಾಣಿಕೆಗೆ ಮೊದಲು ಕೇಳುವುದು ವಾಸಿ.

ಸಣ್ಣ ಹಿಡುವಳಿದಾರರು ಏನು ಮಾಡಬಹುದು? ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಎಂಬ ವಿಮೆಯಿದೆ. ತೆಂಗನ್ನೂ ಕೀಳುವ ಕೊನೆಗಾರರಿದ್ದರೆ ಅದನ್ನು ವಿಚಾರಿಸಬೇಕು. ಅದಲ್ಲದೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ವರ್ಷಕ್ಕೆ ಕಂತು 20 ರೂ. ಹದಿನೆಂಟರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆ ಇರುವ ಯಾರಾದರೂ ಸೇರಬಹುದು. ಅಪಘಾತದಲ್ಲಿ ಮರಣ ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ ರೂ., ಶಾಶ್ವತವಾದ ಭಾಗಶಃ ವೈಕಲ್ಯಕ್ಕೆ 1 ಲಕ್ಷ ರೂ. ಆಸ್ಪತ್ರೆಯ ಖರ್ಚು ಇದರಲ್ಲಿ ಬರುವುದಿಲ್ಲ, ಮುರಿದ ಕಾಲು ಕೂಡುವ ತನಕದ ಕೂಲಿಯೂ ಬರುವುದಿಲ್ಲ. ಆ ದಿನಗಳ ಕೂಲಿಯಲ್ಲಿ ಒಂದು ಪಾಲನ್ನಾದರೂ ತೋಟದವರು ಕೊಡುವ ಪದ್ಧತಿ ಬೀಳಬೇಕು. ಒಬ್ಬೊಬ್ಬರಿಗೆ ಭಾರವಾದರೆ ಒಂದೇ ಕೊನೆಗಾರನನ್ನು ಕರೆಯುವ ಹತ್ತು ಮನೆಯವರು ಹಂಚಿಕೊಳ್ಳಬಹುದು. ಮದ್ದು ಹೊಡೆಯುವ ಸರದಿಯನ್ನು ಮಾತಾಡಿಕೊಳ್ಳುವ ದಿನವೇ ಇದನ್ನೂ ಮಾತಾಡಿಕೊಂಡರಾಯಿತು. ಅಸಂಘಟಿತ ಕಾರ್ಮಿಕರಿಗೆಂದು 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯನ್ನೂ ಅಡಿಕೆ ಸುಲಿಯಲು ಬರುವ ಹೆಂಗಸರಲ್ಲಿ ಎಷ್ಟೋ ಮಂದಿ ಇನ್ನೂ ಮಾಡಿಸಿರಲಾರರು. ಆಧಾರ್ ಮತ್ತು ಬ್ಯಾಂಕ್ ಪುಸ್ತಕ ಹಿಡಿದುಕೊಂಡು ಹೋದರೆ ಪೇಟೆಯ ಸಾಮಾನ್ಯ ಸೇವಾ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಒಂದು ದಿನ ಬಿಡುವು ಕೊಟ್ಟು, ಕೂಲಿ ಹಿಡಿಯದೆ ಕಳಿಸಬೇಕು, ಅಷ್ಟೆ.

ವಿಮೆಯ ವರ್ಷ ಜೂನ್ 1ರಿಂದ ಮುಂದಿನ ಮೇ 31ರವರೆಗೆ. ಖಾತೆಯಲ್ಲಿ ಆ ಹೊತ್ತಿಗೆ 20 ರೂ. ಇಲ್ಲದಿದ್ದರೆ ಕಂತು ಕಡಿತವಾಗದೆ ವಿಮೆ ತಪ್ಪುತ್ತದೆ. ನಮ್ಮ ಕಡೆ ಮೊದಲ ಮದ್ದು ಹೊಡೆಯುವುದೂ ಜೂನ್ ತಿಂಗಳಲ್ಲೇ. ಮೈಲುತುತ್ತ, ಸುಣ್ಣ, ರಾಳ ತರಲು ಪೇಟೆಗೆ ಹೋಗುವವರು ಮೇ ತಿಂಗಳ ಮೂರನೆಯ ವಾರದೊಳಗೆ ತಮ್ಮ ಕೊನೆಗಾರನನ್ನೂ ಜೊತೆಗೆ ಕರೆದುಕೊಂಡು ಹೋಗಿ ಬ್ಯಾಂಕಿನಲ್ಲಿ ಆ ನಮೂನೆ ತುಂಬಿಸಿಕೊಂಡು ಬರಬಹುದು.